ಮೇಣದ ಹಾಳೆಯಿಲ್ಲದ ಚೌಕಟ್ಟು

ಪಾಸ್ಖ ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಹೊತ್ತಿಸಿದ ಮೇಣದ ಬತ್ತಿಯ ಮುಂದೆ ಹಾಡಲಾಗುವ ಪ್ರಾಚೀನ ಘೋಷಣಾಗೀತೆಯಲ್ಲಿ, ಆ ಬತ್ತಿಗೆ ಮೇಣವಿತ್ತ ಜೇನುನೊಣಗಳ ದುಡಿಮೆಯ ಸ್ಮರಣೆ ಇದೆ. ಬಲಿಪೀಠದ ಮೇಲೆ ಉರಿಯುವ ಬತ್ತಿಯಲ್ಲಿ ಜೇನುಮೇಣದ ಪಾಲು ಎಷ್ಟಿರಬೇಕೆಂಬ ಪ್ರಶ್ನೆಗೆ ರೋಮಿನ ಪೂಜಾವಿಧಿಗಳ ಸಂಸ್ಥೆಯು 1904ರಲ್ಲಿ ಉತ್ತರ ನೀಡಿ, ಪಾಸ್ಖ ಬತ್ತಿಯಲ್ಲೂ ಬಲಿಪೂಜೆಯ ಬತ್ತಿಗಳಲ್ಲೂ ಅದರ ಪಾಲೇ ಅತ್ಯಧಿಕವಾಗಿರತಕ್ಕದ್ದೆಂದು ವಿಧಿಸಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಈ ಕಟ್ಟುನಿಟ್ಟು ಸಡಿಲಗೊಂಡಿದೆ. ಆದರೆ ಶತಮಾನಗಳ ಕಾಲ ಮಠಗಳ ತೋಟಗಳಲ್ಲಿ, ಗುರುಮನೆಗಳ ಹಿತ್ತಿಲುಗಳಲ್ಲಿ ಜೇನುಗೂಡುಗಳು ತುಂಬಿಕೊಂಡಿದ್ದುದಕ್ಕೆ ಈ ಬತ್ತಿಯೇ ಒಂದು ಮುಖ್ಯ ಕಾರಣ. ಜೇನು ಸಾಕಣೆಯ ಚರಿತ್ರೆಯನ್ನು ತೆರೆದವರಿಗೆ ಪುಟಪುಟಕ್ಕೂ ಯಾಜಕರೂ ಸಭಾಪಾಲಕರೂ ಎದುರಾಗುವುದು ಆದ್ದರಿಂದ ಆಶ್ಚರ್ಯವಲ್ಲ. ಆ ಚರಿತ್ರೆಯ ಒಂದು ಸಣ್ಣ ಎಳೆಯನ್ನಷ್ಟೇ ಇಲ್ಲಿ ಹಿಡಿದುಕೊಂಡಿದ್ದೇನೆ. ಜೇನುನೊಣ ಎರಿ ಕಟ್ಟುವಾಗ ಮನುಷ್ಯ ಅದಕ್ಕೆ ಎಷ್ಟು ನೆರವು ನೀಡಬೇಕು, ಎಲ್ಲಿ ಕೈ ಹಿಂದಕ್ಕೆ ತೆಗೆಯಬೇಕು ಎಂಬುದೇ ಆ ಎಳೆ.

ಜೇನು ಪೆಟ್ಟಿಗೆಯನ್ನು ತೆರೆದು ನೋಡದ ಓದುಗರಿಗಾಗಿ ಎರಡು ಮಾತು. ಇಂದಿನ ಪೆಟ್ಟಿಗೆಯೊಳಗೆ ಮರದ ಚೌಕಟ್ಟುಗಳು ಒಂದರ ಪಕ್ಕ ಒಂದರಂತೆ ತೂಗುಬಿದ್ದಿರುತ್ತವೆ. ಪ್ರತಿ ಚೌಕಟ್ಟಿನೊಳಗೂ ಒಂದೊಂದು ಎರಿ. ಖಾಲಿ ಚೌಕಟ್ಟನ್ನು ನೊಣಗಳಿಗೆ ಹಾಗೆಯೇ ಕೊಡುವ ಬದಲು, ಷಡ್ಭುಜ ಕಣಗಳ ತಳವನ್ನು ಅಚ್ಚೊತ್ತಿದ ತೆಳುವಾದ ಮೇಣದ ಹಾಳೆಯೊಂದನ್ನು ಅದರಲ್ಲಿ ಕೂರಿಸಿ ಕೊಡುವುದು ಸಾಮಾನ್ಯ ಪದ್ಧತಿ. ಇದಕ್ಕೆ ಬುನಾದಿ ಹಾಳೆ ಎನ್ನುತ್ತಾರೆ. ನೊಣಗಳು ಆ ಅಚ್ಚಿನ ಮೇಲೆ ಗೋಡೆ ಎಬ್ಬಿಸಿ ಎರಿಯನ್ನು ಪೂರ್ತಿಗೊಳಿಸುತ್ತವೆ. ಈ ಹಾಳೆಯೇ ಇಲ್ಲದೆ, ಬರಿಯ ಚೌಕಟ್ಟಿನಲ್ಲಿ ನೊಣಗಳೇ ಬುನಾದಿಯಿಂದ ತುದಿಯವರೆಗೆ ಎರಿ ಕಟ್ಟಲಿ ಎಂಬ ಪದ್ಧತಿಯೂ ಉಂಟು. ಅದು ಇತ್ತೀಚಿನ ಪ್ರಕೃತಿಪ್ರಿಯರ ಹೊಸ ಯೋಚನೆಯೆಂದು ಹಲವರು ಭಾವಿಸಿದ್ದಾರೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ: ಚೌಕಟ್ಟು ಮೊದಲು ಬಂದಿತು, ಹಾಳೆ ಆಮೇಲೆ.

ನೊಣಗಳು ತಾವಾಗಿ ಎರಿ ಕಟ್ಟುವ ಕ್ರಮವನ್ನು ಮೊದಲು ಗಮನಿಸೋಣ. ಹರೆಯದ ಕೆಲಸಗಾರ ನೊಣಗಳು ಹೊಟ್ಟೆಯ ಅಡಿಭಾಗದ ಗ್ರಂಥಿಗಳಿಂದ ಮೇಣವನ್ನು ಚಕ್ಕೆಚಕ್ಕೆಯಾಗಿ ಸ್ರವಿಸುತ್ತವೆ. ಒಂದರ ಕಾಲನ್ನು ಇನ್ನೊಂದು ಹಿಡಿದು ಸರಪಳಿಗಳಾಗಿ ಮೇಲಿನಿಂದ ಜೋಲುತ್ತಾ, ಆ ಚಕ್ಕೆಗಳನ್ನು ಅಗಿದು ಹದಗೊಳಿಸಿ, ಮೇಲಿನಿಂದ ಕೆಳಕ್ಕೆ ಎರಿಯನ್ನು ಇಳಿಬಿಡುತ್ತವೆ. ಮನೆ ಕಟ್ಟುವವರು ನೆಲದಿಂದ ಮೇಲಕ್ಕೆ ಹೋದರೆ, ಇವು ಮಾಳಿಗೆಯಿಂದ ಕೆಳಕ್ಕೆ ಬರುತ್ತವೆ. ಮೇಸ್ತ್ರಿಯ ತೂಗುಗುಂಡು ತೋರಿಸುವ ನೇರವನ್ನು ನೊಣ ಭೂಮಿಯ ಸೆಳೆತದಿಂದಲೇ ತಿಳಿದುಕೊಳ್ಳುತ್ತದೆ. ಕಣದ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಸುಮಾರು 37 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಎತ್ತರದ ಒಂದು ಎರಿ, ಸುಮಾರು 40 ಗ್ರಾಂ ಮೇಣದಿಂದ ಆದದ್ದು, 2 ಕಿಲೋಗ್ರಾಂನಷ್ಟು ಜೇನುತುಪ್ಪವನ್ನು ಹೊತ್ತು ನಿಲ್ಲುತ್ತದೆ. ಇಂಥ ಎರಿ ಗೂಡಿನ ಕತ್ತಲಲ್ಲಿ, ತನ್ನ ಜಾಗದಲ್ಲಿ, ನೇರವಾಗಿ ತೂಗಿಕೊಂಡಿರುವವರೆಗೆ ಸುಭದ್ರ. ಮನುಷ್ಯ ಅದನ್ನು ಹೊರಗೆ ತೆಗೆದು, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಬಯಸಿದಾಗಲೇ ಆಧಾರದ ಪ್ರಶ್ನೆ ಹುಟ್ಟಿತು.

ಹಾಗೆ ಹೊರಗೆ ತೆಗೆದು ನೋಡುವ ಉಪಾಯವನ್ನು ಗ್ರೀಸಿನ ಹಳ್ಳಿಗರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಜಾರ್ಜ್ ವೀಲರ್ ಎಂಬ ಆಂಗ್ಲ ಪ್ರವಾಸಿ, ಮುಂದೆ ತಾನೂ ಆಂಗ್ಲಿಕನ್ ಯಾಜಕನಾದವನು, ಅಥೆನ್ಸ್ ಬಳಿಯ ಹೈಮೆಟ್ಟಸ್ ಬೆಟ್ಟದ ಮಠದಲ್ಲಿ ಕಂಡ ಜೇನುಬುಟ್ಟಿಗಳನ್ನು 1682ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಬಾಯಿ ಅಗಲವಾಗಿ ತಳ ಕಿರಿದಾದ ಬುಟ್ಟಿ, ಅದಕ್ಕೆ ಮಣ್ಣಿನ ಮೆತ್ತುಗೆ, ಬಾಯಿಯ ಮೇಲೆ ಸಾಲಾಗಿ ಇಟ್ಟ ಮರದ ಪಟ್ಟಿಗಳು. ನೊಣಗಳು ಒಂದೊಂದು ಪಟ್ಟಿಗೆ ಒಂದೊಂದು ಎರಿಯನ್ನು ಇಳಿಬಿಡುತ್ತಿದ್ದವು. ವಸಂತದಲ್ಲಿ ಅರ್ಧದಷ್ಟು ಪಟ್ಟಿಗಳನ್ನು ಎತ್ತಿ ಇನ್ನೊಂದು ಬುಟ್ಟಿಗೆ ಹಾಕಿದರೆ ಒಂದು ಸಂಸಾರ ಎರಡಾಗುತ್ತಿತ್ತು. ಹಾಳೆಯಿಲ್ಲ, ಚೌಕಟ್ಟೂ ಇಲ್ಲ. ಬುಟ್ಟಿಯ ಗೋಡೆ ಕೆಳಗೆ ಒಳಮುಖವಾಗಿ ಬಾಗಿದ್ದರಿಂದ ನೊಣಗಳು ಎರಿಯನ್ನು ಗೋಡೆಗೆ ಅಷ್ಟಾಗಿ ಅಂಟಿಸುತ್ತಿರಲಿಲ್ಲ. 1970ರ ದಶಕದಲ್ಲಿ ಕೆನಡಾದ ನೆರವಿನಿಂದ ಕೆನ್ಯದಲ್ಲಿ ರೂಪುಗೊಂಡ ಇಳಿಜಾರು ಗೋಡೆಯ ಪಟ್ಟಿಗೂಡು ಇದೇ ತತ್ತ್ವವನ್ನು ಮರದ ಪೆಟ್ಟಿಗೆಗೆ ಅಳವಡಿಸಿಕೊಂಡಿತು.

ಚೌಕಟ್ಟಿನ ನಿಜವಾದ ಆರಂಭವನ್ನು ಕಾಣಬೇಕಾದರೆ ಜಿನೀವಾಕ್ಕೆ ಹೋಗಬೇಕು. ಫ್ರಾನ್ಸ್ವಾ ಹೂಬರ್ ಯೌವನದಲ್ಲೇ ದೃಷ್ಟಿ ಕಳೆದುಕೊಂಡವರು. ಅವರ ಸೇವಕ ಫ್ರಾನ್ಸ್ವಾ ಬ್ಯೂರ್ನಾನ್ ಅವರಿಗೆ ಕಣ್ಣಾದರು. ಯಜಮಾನರು ಪ್ರಶ್ನೆ ಕೇಳುವರು, ಸೇವಕ ನೋಡಿ ಹೇಳುವರು. ಜೇನಿನ ಬಗ್ಗೆ ಜಗತ್ತಿಗೆ ಅದುವರೆಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಈ ಜೋಡಿಯಿಂದ ಬೆಳಕಿಗೆ ಬಂದು 1792ರಲ್ಲಿ ಗ್ರಂಥರೂಪ ಪಡೆದವು. ಅವರ ಗೂಡು ಪುಸ್ತಕದ ಹಾಳೆಗಳಂತೆ ತಿರುಗಿಸಬಹುದಾದ, ಕೀಲು ಜೋಡಿಸಿದ ಚೌಕಟ್ಟುಗಳಿಂದ ಆದದ್ದು. ನೊಣಗಳು ಚೌಕಟ್ಟಿಗೆ ಅಡ್ಡಡ್ಡ ಎರಿ ಕಟ್ಟಿಬಿಟ್ಟರೆ ಈ ಪುಸ್ತಕ ತೆರೆಯುವಂತಿರಲಿಲ್ಲ. ಆದ್ದರಿಂದ ಪ್ರತಿ ಚೌಕಟ್ಟಿನಲ್ಲೂ ಹಳೆಯ ಎರಿಯ ಒಂದು ತುಂಡನ್ನು ಮೊದಲೇ ಕೂರಿಸುತ್ತಿದ್ದರು. ನೊಣಗಳು ಆ ತುಂಡು ತೋರಿದ ದಿಕ್ಕನ್ನೇ ಅನುಸರಿಸುತ್ತಿದ್ದವು. ಮಾರ್ಗದರ್ಶನ ಅಷ್ಟೇ, ಒಂದು ತುಂಡಿನಷ್ಟು. ಮಿಕ್ಕದ್ದೆಲ್ಲ ನೊಣಗಳದು.

ಮುಂದಿನ ಹೆಸರು ಒಬ್ಬ ಕಥೋಲಿಕ ಯಾಜಕರದು. ಮೇಲಣ ಸಿಲೇಸಿಯದಲ್ಲಿ 1811ರಲ್ಲಿ ಹುಟ್ಟಿದ ಯಾನ್ ಜಿಯೆರ್ಜೊನ್ 1834ರಲ್ಲಿ ಗುರುದೀಕ್ಷೆ ಪಡೆದು, ಕಾರ್ಲ್ಸ್‌ಮಾರ್ಕ್ಟ್ ಎಂಬ ಹಳ್ಳಿಯ ಧರ್ಮಕೇಂದ್ರದಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದರು. ಗಂಡು ನೊಣಗಳು ಫಲಿತವಾಗದ ಮೊಟ್ಟೆಗಳಿಂದ ಹುಟ್ಟುತ್ತವೆ ಎಂಬ ಸಂಗತಿಯನ್ನು 1845ರಲ್ಲಿ ಪ್ರಕಟಿಸಿದಾಗ ಪಂಡಿತವಲಯ ಅವರನ್ನು ನಂಬಲಿಲ್ಲ. ಕೊನೆಗೆ ಸೂಕ್ಷ್ಮದರ್ಶಕ ಅವರ ಪರವಾಗಿ ಸಾಕ್ಷಿ ನುಡಿಯಿತು. ಅವರ ಗೂಡಿನಲ್ಲಿ ಮೇಲ್ಪಟ್ಟಿಗಳು ಮಾತ್ರ ಇದ್ದವು. ಪಟ್ಟಿಗಳನ್ನು ಸರಿಯಾದ ಅಂತರದಲ್ಲಿಟ್ಟರೆ ಪಟ್ಟಿಗೊಂದರಂತೆ ಎರಿ ಇಳಿಯುತ್ತಿತ್ತು. ಆದರೆ ಎರಿಯ ಎರಡು ಅಂಚುಗಳನ್ನು ನೊಣಗಳು ಪೆಟ್ಟಿಗೆಯ ಗೋಡೆಗೆ ಅಂಟಿಸಿಬಿಡುತ್ತಿದ್ದವು. ಪ್ರತಿಸಲವೂ ಚಾಕುವಿನಿಂದ ಕೊಯ್ದು ಬಿಡಿಸಬೇಕು. ನೊಣದ ದೃಷ್ಟಿಯಿಂದ ನೋಡಿದರೆ ಅದು ಸರಿಯೇ. ಭಾರ ಹೊರುವ ಎರಿಗೆ ಮೇಲೊಂದೇ ಆಧಾರ ಸಾಲದೆಂದು ಪಕ್ಕದ ಆಧಾರವನ್ನೂ ಅದು ಹುಡುಕಿಕೊಳ್ಳುತ್ತದೆ. 1850ರ ದಶಕದ ಆರಂಭದಲ್ಲಿ ಜರ್ಮನಿಯ ಆಗಸ್ಟ್ ಫಾನ್ ಬೆರ್ಲೆಪ್ಶ್ ಮೇಲ್ಪಟ್ಟಿಗೆ ಪಕ್ಕದ ಪಟ್ಟಿಗಳನ್ನೂ ಕೆಳಪಟ್ಟಿಯನ್ನೂ ಜೋಡಿಸಿ ಪೂರ್ಣ ಚೌಕಟ್ಟು ಮಾಡಿದರು. ಇನ್ನು ಎರಿಯ ಆಧಾರ ಗೋಡೆಯಲ್ಲಿರದೆ ಚೌಕಟ್ಟಿನಲ್ಲೇ ಇದ್ದಿತು.

ಜಿಯೆರ್ಜೊನ್ ಅವರ ಬದುಕಿನ ಇನ್ನೊಂದು ಮುಖವನ್ನೂ ಮುಚ್ಚಿಡಬೇಕಾಗಿಲ್ಲ. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆಯು ಜಗದ್ಗುರುಗಳ ಪ್ರಮಾದಾತೀತತೆಯನ್ನು ಘೋಷಿಸಿದಾಗ ಅವರು ಅದನ್ನು ಒಪ್ಪಲಿಲ್ಲ. ಸಭೆಯ ಐಕ್ಯದಿಂದ ಹೊರಗುಳಿದು, ಜೇನಿನ ನಡುವೆಯೇ ಮೂರು ದಶಕಗಳನ್ನು ಕಳೆದರು. 1905ರಲ್ಲಿ ಸಮಾಧಾನ ಏರ್ಪಟ್ಟಿತು. ಮರುವರ್ಷ, ತೊಂಬತ್ತೈದು ತುಂಬಿದ ಆ ವೃದ್ಧರು ಹುಟ್ಟೂರಿನಲ್ಲೇ ತೀರಿಕೊಂಡರು.

ಅದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಫಿಲಡೆಲ್ಫಿಯದಲ್ಲಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಪ್ರೊಟೆಸ್ಟೆಂಟ್ ಸಭಾಪಾಲಕರು ಬೇರೊಂದು ದಾರಿಯಿಂದ ಅಲ್ಲಿಗೇ ತಲುಪಿದ್ದರು. ನೊಣ ಓಡಾಡಲು ಬಿಟ್ಟುಕೊಳ್ಳುವ ಸಂದಿ ಸುಮಾರು 6ರಿಂದ 9 ಮಿಲಿಮೀಟರ್. ಅದಕ್ಕಿಂತ ಕಿರಿದಾದುದನ್ನು ಅಂಟಿನಿಂದ ಮುಚ್ಚುತ್ತದೆ, ಹಿರಿದಾದುದರಲ್ಲಿ ಎರಿ ಕಟ್ಟುತ್ತದೆ. ಆ ಅಳತೆಯ ಸಂದಿಯನ್ನು ಚೌಕಟ್ಟಿನ ಸುತ್ತಲೂ ಬಿಟ್ಟರೆ ನೊಣ ಅಲ್ಲಿ ಏನನ್ನೂ ಕಟ್ಟುವುದಿಲ್ಲ, ಚೌಕಟ್ಟು ಸಲೀಸಾಗಿ ಮೇಲೇಳುತ್ತದೆ. 1851ರಲ್ಲಿ ಹೊಳೆದ ಈ ವಿಚಾರಕ್ಕೆ 1852ರಲ್ಲಿ ಪೇಟೆಂಟ್ ದೊರೆಯಿತು, 1853ರಲ್ಲಿ ಅವರ ಗ್ರಂಥ ಹೊರಬಂತು. ಪೇಟೆಂಟನ್ನು ಎಲ್ಲರೂ ಗಾಳಿಗೆ ತೂರಿ ಪೆಟ್ಟಿಗೆ ಮಾಡಿಕೊಂಡದ್ದರಿಂದ ಅವರಿಗೆ ಹಣವೇನೂ ದಕ್ಕಲಿಲ್ಲ. ತೀವ್ರ ಮನೋವ್ಯಥೆಯೊಂದಿಗೆ ಜೀವನವಿಡೀ ಹೆಣಗಿದ ಅವರು 1895ರಲ್ಲಿ ಡೇಟನ್ ನಗರದ ಒಂದು ದೇವಾಲಯದಲ್ಲಿ ಪ್ರಬೋಧನೆಗೆ ನಿಂತ ಹೊತ್ತಿನಲ್ಲೇ ಕೊನೆಯುಸಿರೆಳೆದರು.

ನಮ್ಮ ವಿಷಯಕ್ಕೆ ಇಲ್ಲಿ ಮುಖ್ಯವಾದುದು ಒಂದು ಇಸವಿ. ಲ್ಯಾಂಗ್‌ಸ್ಟ್ರಾತ್ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ಬುನಾದಿ ಹಾಳೆ ಜಗತ್ತಿನಲ್ಲೇ ಇರಲಿಲ್ಲ. ಜರ್ಮನಿಯ ಫ್ರಾಂಕೆಂತಾಲ್ ಪಟ್ಟಣದ ಯೊಹಾನೆಸ್ ಮೇರಿಂಗ್ ಎಂಬ ಬಡಗಿ ಮರದ ಅಚ್ಚಿನ ನಡುವೆ ಮೇಣವನ್ನು ಒತ್ತಿ ಮೊದಲ ಹಾಳೆ ತೆಗೆದದ್ದು 1857ರಲ್ಲಿ. ಅಂದರೆ ಚೌಕಟ್ಟಿನ ಮೊದಲ ವರ್ಷಗಳೆಲ್ಲ ಹಾಳೆಯಿಲ್ಲದ ವರ್ಷಗಳೇ. ಮೇಲ್ಪಟ್ಟಿಯ ಅಡಿಗೆ ಎರಿಯ ಚೂರು ಅಂಟಿಸುವುದು, ಇಲ್ಲವೇ ಪಟ್ಟಿಯ ಅಡಿಭಾಗವನ್ನೇ ಚೂಪಾದ ಏಣಾಗಿ ಕೆತ್ತುವುದು, ಇವೇ ಆಗಿನ ಉಪಾಯಗಳು.

ಹಾಳೆ ಗೆದ್ದದ್ದು ಅದೊಂದರಿಂದಲೇ ಅಲ್ಲ, ಜೊತೆಗೆ ಬಂದ ಯಂತ್ರದಿಂದ. 1865ರಲ್ಲಿ ಬ್ರನೊ ನಗರದಲ್ಲಿ ನಡೆದ ಜೇನು ಕೃಷಿಕರ ಸಮ್ಮೇಳನದಲ್ಲಿ ಹ್ರುಷ್ಕ ಎಂಬ ನಿವೃತ್ತ ಸೈನ್ಯಾಧಿಕಾರಿ ಎರಿಯನ್ನು ಗಿರಗಿರನೆ ತಿರುಗಿಸಿ ಜೇನುತುಪ್ಪವನ್ನು ಹೊರಚಿಮ್ಮಿಸುವ ಯಂತ್ರವನ್ನು ತೋರಿಸಿದರು. (ಬಟಾಣಿ ಗಿಡಗಳ ಮೂಲಕ ಅನುವಂಶೀಯತೆಯ ನಿಯಮ ಕಂಡ ಗ್ರೆಗೊರ್ ಮೆಂಡೆಲ್ ಅದೇ ನಗರದ ಅಗಸ್ಟೀನಿಯನ್ ಮಠದವರು. ಮುಂದೆ ಅವರೂ ಮಠದ ತೋಟದಲ್ಲಿ ಜೇನು ಸಾಕಿದರು.) ಈ ಯಂತ್ರದಿಂದ ಎರಿಯನ್ನು ಹಿಂಡದೆ, ಮುರಿಯದೆ, ತುಪ್ಪ ತೆಗೆದು ಮತ್ತೆ ಗೂಡಿಗೆ ಕೊಡುವುದು ಸಾಧ್ಯವಾಯಿತು. ಆದರೆ ಹೊಸ ಎರಿ ಆ ಸುತ್ತಿನ ರಭಸಕ್ಕೆ ಒಡೆದು ಹೋಗುತ್ತಿತ್ತು. ಹಾಳೆಯ ಮೇಲೆ ಕಟ್ಟಿದ, ನಡುವೆ ತಂತಿ ಬಿಗಿದ ಎರಿ ತಾಳಿಕೊಂಡಿತು. ಅಮೆರಿಕದ ಎ. ಐ. ರೂಟ್ ಅವರ ಕಾರ್ಯಾಗಾರದಲ್ಲಿ 1876ರ ಸುಮಾರಿಗೆ ಉರುಳೆಗಳ ನಡುವೆ ಹಾಳೆ ಒತ್ತುವ ಯಂತ್ರ ಸಿದ್ಧವಾದ ಮೇಲೆ ಹಾಳೆ ಅಂಗಡಿಯ ಸರಕಾಯಿತು.

ಹಾಳೆಯ ಉಪಕಾರವನ್ನು ಕೀಳುಗಳೆಯುವುದು ನ್ಯಾಯವಲ್ಲ. ಎರಿಗಳು ನೇರವಾದವು. ನೊಣಗಳು ಮೇಣ ಸ್ರವಿಸಲು ತಿನ್ನುವ ಜೇನು ಸ್ವಲ್ಪ ಉಳಿಯಿತು. ಒಂದು ಕಿಲೋ ಮೇಣಕ್ಕೆ ಆರೆಂಟು ಕಿಲೋ ಜೇನು ಖರ್ಚು ಎಂದು ಹೇಳುವ ರೂಢಿಯಿದೆ. ಋತು, ಹೂವು, ನೊಣಗಳ ವಯಸ್ಸು ಇವುಗಳ ಮೇಲೆ ಈ ಲೆಕ್ಕ ಬಹಳ ಏರಿಳಿಯುತ್ತದೆ. ಗಂಡು ನೊಣಗಳ ಅಗಲ ಕಣಗಳೂ ಕಡಿಮೆಯಾದವು, ಏಕೆಂದರೆ ಹಾಳೆಯ ಅಚ್ಚು ಕೆಲಸಗಾರ ನೊಣದ ಕಣದ್ದು. ಸಾವಿರ ಪೆಟ್ಟಿಗೆಗಳನ್ನು ಲಾರಿಯಲ್ಲಿ ಊರಿಂದೂರಿಗೆ ಸಾಗಿಸುವ ಉದ್ಯಮ ಹಾಳೆಯಿಲ್ಲದೆ ನಡೆಯುವುದು ಕಷ್ಟ.

ಆದರೆ ನೆರವಾಗಿ ಬಂದುದು ನಿಯಮವಾಯಿತು. ಹಾಳೆ ಹಾಕದ ಚೌಕಟ್ಟನ್ನು ಕೊಟ್ಟರೆ ನೊಣಗಳು ಅಡ್ಡಾದಿಡ್ಡಿ ಕಟ್ಟಿಯೇ ತೀರುತ್ತವೆ ಎಂಬ ಭಯ ಬೋಧಕರಿಂದ ಶಿಷ್ಯರಿಗೆ ದಾಟಿಬಂತು. ಅಲ್ಲಿಗೂ ನಿಲ್ಲದೆ ಮನುಷ್ಯ ಕಣದ ಅಳತೆಗೇ ಕೈ ಹಾಕಿದ. ಬೆಲ್ಜಿಯಂನ ಉರ್ಸ್ಮಾರ್ ಬೋದು 19ನೇ ಶತಮಾನದ ಕೊನೆಯಲ್ಲಿ, ಕಣ ದೊಡ್ಡದಾದರೆ ನೊಣ ದೊಡ್ಡದಾಗುವುದು, ನೊಣ ದೊಡ್ಡದಾದರೆ ಜೇನು ಹೆಚ್ಚುವುದು ಎಂದು ವಾದಿಸಿದರು. ಮಾರುಕಟ್ಟೆಯ ಹಾಳೆಯ ಕಣ ಕ್ರಮೇಣ 5.4 ಮಿಲಿಮೀಟರಿನ ಆಸುಪಾಸಿನಲ್ಲಿ ನೆಲೆಯಾಯಿತು. ತಾವಾಗಿ ಕಟ್ಟಲು ಬಿಟ್ಟರೆ ಯೂರೋಪಿನ ನೊಣಗಳು ಒಂದೇ ಎರಿಯಲ್ಲಿ ಹಲವು ಅಳತೆಯ ಕಣಗಳನ್ನು ಕಟ್ಟುತ್ತವೆ. ಅಂಥ ಗೂಡಿನಲ್ಲಿ ಎರಿಯ ಶೇ. 15ರಿಂದ 20ರಷ್ಟು ಭಾಗ ಗಂಡು ನೊಣಗಳಿಗೆ ಮೀಸಲಾಗಿರುವುದು ಸಾಮಾನ್ಯ. ಅದು ಗೂಡಿನ ಲೆಕ್ಕ. ನಾವು ದುಂದುವೆಚ್ಚ ಎಂದದ್ದು ಅದಕ್ಕೆ ಸಂತಾನದ ಅಗತ್ಯ.

ಮೇಣದ ವಿಷಯ ಇನ್ನೂ ಗಂಭೀರ. ಹಾಳೆಗಳನ್ನು ತಯಾರಿಸುವುದು ಹಳೆಯ ಎರಿಗಳನ್ನು ಕರಗಿಸಿದ ಮೇಣದಿಂದ. ಆ ಮೇಣ ಗೂಡಿಗೆ ಹೋಗಿ, ಮರಳಿ ಬಂದು, ಮತ್ತೆ ಹಾಳೆಯಾಗಿ ಗೂಡಿಗೇ ಹೋಗುತ್ತದೆ. ವರೋವಾ ನುಸಿಯನ್ನು ಕೊಲ್ಲಲು ಗೂಡಿನೊಳಗಿಟ್ಟ ಔಷಧಗಳು ಮೇಣದಲ್ಲಿ ಕರಗಿ ಉಳಿದುಬಿಡುತ್ತವೆ. ಉತ್ತರ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಎರಿ ಮತ್ತು ಹಾಳೆಯ ಮೇಣದ ಮಾದರಿಗಳ ಪೈಕಿ ಶೇ. 98ರಲ್ಲಿ ಫ್ಲುವಾಲಿನೇಟ್ ಹಾಗೂ ಕೌಮಾಫೋಸ್ ಎಂಬ ಎರಡು ನುಸಿನಾಶಕಗಳು ಕಂಡುಬಂದವು. ಜೇನುಮೇಣಕ್ಕೆ ಅಗ್ಗದ ಪ್ಯಾರಫಿನ್, ಸ್ಟಿಯರಿನ್ ಬೆರೆಸುವ ವ್ಯಾಪಾರವೂ ಉಂಟು. ಸ್ಟಿಯರಿನ್ ಬೆರೆತ ಹಾಳೆಯ ಮೇಲೆ ಕಟ್ಟಿದ ಕಣಗಳಲ್ಲಿ ಮರಿಗಳು ಸಾಯುತ್ತವೆ. ಬಲಿಪೀಠದ ಬತ್ತಿಯಲ್ಲಿ ಶುದ್ಧ ಮೇಣ ಎಷ್ಟಿರಬೇಕೆಂದು ಕೇಳಿದ ಸಭೆಯ ಪ್ರಶ್ನೆ, ನೊಣದ ತೊಟ್ಟಿಲಿನ ವಿಷಯದಲ್ಲಿ ಇನ್ನೂ ಹೆಚ್ಚು ಕೇಳಬೇಕಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ತನ್ನ ದೇಹದಿಂದ ತಾನೇ ಹೊರಹೊಮ್ಮಿಸಿದ ಮೇಣದಲ್ಲಿ ಮರಿ ಬೆಳೆಸುವ ಅವಕಾಶವನ್ನು ನೊಣಕ್ಕೆ ಮರಳಿ ಕೊಡಬೇಕೆಂಬ ಇಂದಿನ ವಾದಕ್ಕೆ ಬಲ ಬಂದಿರುವುದು ಇಲ್ಲಿಂದ.

ಆ ಮಾತನ್ನು ಬೇರೊಂದು ಕಾರಣಕ್ಕಾಗಿ ಮೊದಲೇ ಆಡಿದವರು ಫ್ರಾನ್ಸಿನ ಎಮಿಲ್ ವಾರೇ ಎಂಬ ಯಾಜಕರು. 1867ರಲ್ಲಿ ಹುಟ್ಟಿ, 1891ರಲ್ಲಿ ಗುರುದೀಕ್ಷೆ ಪಡೆದು, ಸೊಮ್ ಪ್ರಾಂತ್ಯದ ಹಳ್ಳಿಗಳ ಧರ್ಮಕೇಂದ್ರಗಳಲ್ಲಿ ದುಡಿದ ಅವರು ಬಗೆಬಗೆಯ 350 ಗೂಡುಗಳನ್ನು ಪರೀಕ್ಷಿಸಿದ್ದಾಗಿ ಬರೆದಿದ್ದಾರೆ. ಅವರ ಚಿಂತೆ ಬಡವರದು. ದುಬಾರಿ ಪೆಟ್ಟಿಗೆ, ಚೌಕಟ್ಟು, ಹಾಳೆ, ಯಂತ್ರ ಇವೆಲ್ಲ ಸೇರಿ ಜೇನನ್ನು ಹಣವಂತರ ಹವ್ಯಾಸವಾಗಿಸಿವೆ ಎಂಬ ನೋವು ಅವರ ಬರಹದಲ್ಲಿದೆ. ಆದ್ದರಿಂದಲೇ ತಮ್ಮ ಗೂಡಿಗೆ 'ಜನರ ಗೂಡು' ಎಂದು ಹೆಸರಿಟ್ಟರು. ಅವರ ಗ್ರಂಥದ 12ನೇ ಆವೃತ್ತಿ 1948ರಲ್ಲಿ ಬಂತು, 1951ರಲ್ಲಿ ಅವರು ತೀರಿಕೊಂಡರು. 2007ರಲ್ಲಿ ಇಂಗ್ಲಿಷಿಗೆ ಅನುವಾದವಾದ ಮೇಲೆ ಅವರ ಹೆಸರು ಫ್ರಾನ್ಸಿನ ಹೊರಗೂ ಹರಡಿತು.

ವಾರೇ ಅವರ ಪೆಟ್ಟಿಗೆ ಒಳಗಡೆ 30 ಸೆಂಟಿಮೀಟರ್ ಚೌಕ, 21 ಸೆಂಟಿಮೀಟರ್ ಎತ್ತರ. ಅದರಲ್ಲಿ 8 ಮೇಲ್ಪಟ್ಟಿಗಳು, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 36 ಮಿಲಿಮೀಟರ್ ಅಂತರ. ಪಟ್ಟಿಯ ಅಡಿಯಲ್ಲಿ ಮೇಣದ ಒಂದು ಸಣ್ಣ ಗೆರೆ, ಅಷ್ಟೇ. ಸಂಸಾರ ಬೆಳೆದಂತೆ ಹೊಸ ಪೆಟ್ಟಿಗೆಯನ್ನು ಕೆಳಗೆ ಸೇರಿಸುತ್ತಾರೆ, ಏಕೆಂದರೆ ನೊಣದ ಸಹಜ ಚಲನೆ ಕೆಳಮುಖ. ಎತ್ತರ 21 ಸೆಂಟಿಮೀಟರಿಗೆ ಮಿತಿಗೊಂಡಿರುವುದರಿಂದ ಎರಿಗೆ ತಂತಿಯ ಅಗತ್ಯವಿಲ್ಲ. ಆದರೆ ಅಂಚುಗಳು ಗೋಡೆಗೆ ಅಂಟಿಕೊಳ್ಳುವ ಹಳೆಯ ತೊಂದರೆ ಇಲ್ಲಿ ಮರಳಿ ಬರುತ್ತದೆ. ರೋಗವಿದೆಯೇ ಎಂದು ಪ್ರತಿ ಎರಿಯನ್ನೂ ಎತ್ತಿ ನೋಡುವುದು ಸುಲಭವಲ್ಲ. ಅಮೆರಿಕದ ಹಲವು ರಾಜ್ಯಗಳ ಕಾನೂನು ಎತ್ತಿ ನೋಡಬಹುದಾದ ಎರಿಗಳೇ ಇರಬೇಕೆಂದು ಕೇಳುತ್ತದೆ. ಆ ಆಗ್ರಹಕ್ಕೆ ಕಾರಣವಿದೆ. ವಾರೇ ಅವರ ಸರಳತೆಯನ್ನು ಮೆಚ್ಚುತ್ತಲೇ, ಈ ಒಂದು ವಿಷಯದಲ್ಲಿ ಬೆರ್ಲೆಪ್ಶ್ ಮತ್ತು ಲ್ಯಾಂಗ್‌ಸ್ಟ್ರಾತ್ ಅವರ ಪಕ್ಷಕ್ಕೆ ನನ್ನ ಒಲವು.

ಆದ್ದರಿಂದ ಹಾಳೆಯನ್ನು ಬಿಟ್ಟು ಚೌಕಟ್ಟನ್ನು ಉಳಿಸಿಕೊಳ್ಳುವ ಮಧ್ಯಮ ಮಾರ್ಗವನ್ನು ಅನೇಕರು ಹಿಡಿದಿದ್ದಾರೆ. ಇಲ್ಲಿ ಕೈಬಿಟ್ಟದ್ದು ಹಾಳೆಯೊಂದನ್ನೇ. ಕೃಷಿಕನ ಎಚ್ಚರ ಕಡಿಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ. ಮೊದಲನೆಯದಾಗಿ ಪೆಟ್ಟಿಗೆ ಮಟ್ಟವಾಗಿ ಕೂರಬೇಕು. ನೊಣ ಪೆಟ್ಟಿಗೆಯ ಓರೆಯನ್ನು ಲೆಕ್ಕಿಸದೆ ಭೂಮಿಯ ಸೆಳೆತದ ನೇರಕ್ಕೇ ಎರಿ ಇಳಿಸುತ್ತದೆ. ಪೆಟ್ಟಿಗೆ ಪಕ್ಕಕ್ಕೆ ಒಂದಿಷ್ಟು ವಾಲಿದ್ದರೂ ಮೇಲೆ ಒಂದು ಚೌಕಟ್ಟಿನಲ್ಲಿ ಹೊರಟ ಎರಿ ಕೆಳಗೆ ಪಕ್ಕದ ಚೌಕಟ್ಟನ್ನು ಹಿಡಿದಿರುತ್ತದೆ. ಗಾರೆ ಕೆಲಸದವರ ರಸಮಟ್ಟ ಇಲ್ಲಿ ಬೇಕೇ ಬೇಕು. ಮುಂದಕ್ಕೆ, ಎಂದರೆ ಬಾಗಿಲಿನ ಕಡೆಗೆ, ತುಸು ಇಳಿಜಾರಿದ್ದರೆ ಚಿಂತೆಯಿಲ್ಲ.

ಎರಡನೆಯದು ಗೆರೆ. ಮೇಲ್ಪಟ್ಟಿಯ ಅಡಿಯಲ್ಲಿ ಉದ್ದಕ್ಕೂ ಕೊರೆದ ತೋಡಿನಲ್ಲಿ ಐಸ್‌ಕ್ರೀಂ ಕಡ್ಡಿಯಂಥ ತೆಳು ಮರದ ಪಟ್ಟಿಯನ್ನು ಕೂರಿಸಬಹುದು, ಪಟ್ಟಿಯನ್ನೇ ಏಣಾಗಿ ಕೆತ್ತಬಹುದು, ಹಾಳೆಯ ಒಂದು ಬೆರಳಗಲದ ತುಂಡನ್ನು ಅಂಟಿಸಬಹುದು. ಇವೆಲ್ಲಕ್ಕಿಂತ ಉತ್ತಮ ಗೆರೆಯೆಂದರೆ ಆಗಲೇ ನೇರವಾಗಿ ಕಟ್ಟಿದ ಎರಿಗಳು. ಎರಡು ನೇರ ಎರಿಗಳ ನಡುವೆ ಖಾಲಿ ಚೌಕಟ್ಟನ್ನಿಟ್ಟರೆ ನೊಣಗಳಿಗೆ ತಪ್ಪಲು ಎಡೆಯೇ ಇರುವುದಿಲ್ಲ. ಇದರ ಮರುಮುಖವೂ ಅಷ್ಟೇ ನಿಜ. ಪ್ರತಿ ಎರಿಯೂ ಪಕ್ಕದ ಎರಿಯನ್ನು ಅನುಸರಿಸುವುದರಿಂದ ಮೊದಲನೆಯದು ಸೊಟ್ಟಗಾದರೆ ಎರಡನೆಯದೂ ಸೊಟ್ಟಗೆ, ಹತ್ತನೆಯದು ಇನ್ನೂ ಸೊಟ್ಟಗೆ. ಆದ್ದರಿಂದ ಹೊಸ ಸಂಸಾರವನ್ನು ಪೆಟ್ಟಿಗೆಗೆ ಇಳಿಸಿದ ಮೊದಲ ವಾರಗಳಲ್ಲಿ ಆಗಾಗ್ಗೆ ತೆರೆದು ನೋಡಿ, ಎರಿ ಇನ್ನೂ ಎಳೆಯದಾಗಿರುವಾಗಲೇ ಬೆರಳಿನಿಂದ ಮೆಲ್ಲಗೆ ಒತ್ತಿ ಸಾಲಿಗೆ ತರಬೇಕು. ಎಳೆಯ ಮೇಣ ಬೆರಳಿಗೆ ಬಾಗುತ್ತದೆ. ತಡಮಾಡಿದರೆ ಚಾಕುವೇ ಗತಿ.

ಮೂರನೆಯದು ಭಾರ. ಆಳವಾದ ಚೌಕಟ್ಟಿಗೆ ಅಡ್ಡಲಾಗಿ ತಂತಿ ಬಿಗಿಯುವುದುಂಟು, ಮೀನು ಗಾಳದ ನೈಲಾನ್ ದಾರ ಕಟ್ಟುವುದುಂಟು, ಮೇಲ್ಪಟ್ಟಿಯಿಂದ ಕೆಳಪಟ್ಟಿಗೆ ಬಿದಿರಿನ ಕಡ್ಡಿಗಳನ್ನು ನಿಲ್ಲಿಸುವುದುಂಟು. ನೊಣಗಳು ಇವನ್ನೆಲ್ಲ ಎರಿಯೊಳಗೆ ಹುದುಗಿಸಿಕೊಂಡು ಕಟ್ಟುತ್ತವೆ. ಹಾಳೆಯಿಲ್ಲದ ಎರಿಯನ್ನು ಕೈಯಲ್ಲಿ ಹಿಡಿದಾಗ ಅದನ್ನು ಅಡ್ಡ ಮಲಗಿಸಬಾರದು. ಇನ್ನೊಂದು ಬದಿ ನೋಡಬೇಕಾದರೆ ಲಂಬವಾಗಿಯೇ ಇರುವಂತೆ ಚೌಕಟ್ಟಿನ ಒಂದು ತುದಿಯನ್ನು ಎತ್ತಿ ತಿರುಗಿಸಬೇಕು. ಗೂಡಿನ ಒಳಗಿನ ಶಾಖ 35 ಡಿಗ್ರಿಯ ಸುಮಾರು. ಅದು 40 ದಾಟಿದರೆ ಜೇನು ತುಂಬಿದ ಹೊಸ ಎರಿ ಮೆತ್ತಗಾಗಿ ಕಳಚಿ ಬೀಳಬಹುದು. ಕಡುಬೇಸಿಗೆಯ ಮಧ್ಯಾಹ್ನ ಪೆಟ್ಟಿಗೆ ತೆರೆಯುವುದು ಆದ್ದರಿಂದ ಅವಿವೇಕ. ಯಂತ್ರಕ್ಕೆ ಹಾಕುವುದಾದರೆ ನಾಲ್ಕೂ ಅಂಚು ಚೌಕಟ್ಟಿಗೆ ಅಂಟಿಕೊಂಡ, ಒಂದೆರಡು ಬಾರಿ ಮರಿ ಬೆಳೆದು ಗಟ್ಟಿಯಾದ ಎರಿಯನ್ನಷ್ಟೇ, ಅದನ್ನೂ ನಿಧಾನವಾಗಿ ತಿರುಗಿಸತಕ್ಕದ್ದು. ಇನ್ನು ಹೂವಿನ ಸುಗ್ಗಿಯಿಲ್ಲದ ದಿನಗಳಲ್ಲಿ ಖಾಲಿ ಚೌಕಟ್ಟು ಕೊಟ್ಟು ಕಟ್ಟಿರೆಂದರೆ ನೊಣಗಳು ಕಟ್ಟುವುದಿಲ್ಲ.

ಹಾಳೆ ಬಿಟ್ಟವರ ಪಂಗಡದಲ್ಲಿ ಒಂದು ಅತಿಯಾದ ನಂಬಿಕೆಯೂ ಬೆಳೆದಿದೆ. ಕಣ ಚಿಕ್ಕದಾದರೆ ವರೋವಾ ನುಸಿ ತಾನಾಗಿ ಅಡಗುವುದೆಂದು ಅವರಲ್ಲಿ ಹಲವರು ಹೇಳುತ್ತಾರೆ. ಎಚ್ಚರದಿಂದ ನಡೆಸಿದ ಹೋಲಿಕೆಯ ಪ್ರಯೋಗಗಳು ಇದಕ್ಕೆ ಬೆಂಬಲ ಕೊಟ್ಟಿಲ್ಲ. ಶುದ್ಧ ಮೇಣಕ್ಕಾಗಿ, ನೊಣದ ಸ್ವಭಾವಕ್ಕೆ ಮನ್ನಣೆಗಾಗಿ ಹಾಳೆ ಬಿಡುವುದು ಒಂದು ಮಾತು. ನುಸಿಯ ಪರಿಹಾರವೆಂದು ನಂಬಿ ಬಿಟ್ಟು, ಗೂಡು ಸತ್ತಾಗ ಪರಿತಪಿಸುವುದು ಇನ್ನೊಂದು.

ಈ ಎಲ್ಲ ಚರ್ಚೆ ನಡೆದಿರುವುದು ಯೂರೋಪಿನ ನೊಣದ ಸುತ್ತ. ನಮ್ಮ ಮಲೆನಾಡಿನ, ಕರಾವಳಿಯ ತುಡುವೆ ಜೇನು ಬೇರೆಯೇ ಜಾತಿ. ಹಿಂದೆ ಅದನ್ನು ಮಡಕೆಯಲ್ಲಿ, ಮರದ ಪೊಟರೆಯಲ್ಲಿ ಸಾಕುತ್ತಿದ್ದರು, ಎರಿ ಕೊಯ್ದು ಹಿಂಡಿ ತುಪ್ಪ ತೆಗೆಯುತ್ತಿದ್ದರು. ಅದಕ್ಕೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದವರು ತಿರುಚಿನಾಪಳ್ಳಿಯ ಯೇಸುಸಭೆಯ ಗುರು ಫಾದರ್ ನ್ಯೂಟನ್. 1910ರ ಸುಮಾರಿಗೆ ಸಿದ್ಧವಾದ ಆ ಪೆಟ್ಟಿಗೆಯಲ್ಲಿ 1911ರಿಂದ 1917ರವರೆಗೆ ಅವರು ಅನೇಕರಿಗೆ ತರಬೇತಿ ನೀಡಿದರು. ದಕ್ಷಿಣ ಭಾರತದಲ್ಲಿ ಆಧುನಿಕ ಜೇನು ಸಾಕಣೆ ಬೇರೂರಿದ್ದು ಅಲ್ಲಿಂದ. ಕೊಡಗು ಮತ್ತು ದಕ್ಷಿಣ ಕನ್ನಡದ ತೋಟಗಳಲ್ಲಿ ನ್ಯೂಟನ್ ಪೆಟ್ಟಿಗೆ ಇಂದಿಗೂ ಇದೆ. ಸಾಕುವವರಲ್ಲಿ ಬಹಳ ಮಂದಿಗೆ ನ್ಯೂಟನ್ ಯಾರೆಂದು ಗೊತ್ತಿರಲಾರದು. ಸೇಬು ಬಿದ್ದ ನ್ಯೂಟನ್ ಎಂದುಕೊಂಡವರೂ ಇದ್ದಾರು.

ಈ ಪೆಟ್ಟಿಗೆಯ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆ ಸುಮಾರು 20 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಎತ್ತರ. ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನ ವಿಸ್ತೀರ್ಣದ ಸುಮಾರು ಮೂರನೆಯ ಒಂದು ಭಾಗ. ಇಷ್ಟು ಚಿಕ್ಕ ಎರಿಗೆ ತಂತಿಯೂ ಬೇಡ, ಹಾಳೆಯೂ ಬೇಡ. ಚೌಕಟ್ಟಿನ ಗಾತ್ರವೇ ಅದರ ಆಧಾರ. ತುಡುವೆಯ ಕೆಲಸಗಾರ ನೊಣದ ಕಣವೂ ಯೂರೋಪಿನದಕ್ಕಿಂತ ಚಿಕ್ಕದು, ದಕ್ಷಿಣ ಭಾರತದಲ್ಲಂತೂ ಇನ್ನೂ ಚಿಕ್ಕದು. ಮೆಲ್ಲಿಫೆರಾ ನೊಣಕ್ಕೆಂದು ಒತ್ತಿದ ಹಾಳೆಯನ್ನು ತುಡುವೆಗೆ ಕೊಟ್ಟರೆ ಅಂಗಿ ದೊಡ್ಡದಾದ ಮಗುವಿನ ಸ್ಥಿತಿ. ಮೇಲಾಗಿ ತುಡುವೆ ಹಳೆಯ ಎರಿಯನ್ನು ಇಷ್ಟಪಡುವುದಿಲ್ಲ, ಕಡಿದು ಉದುರಿಸಿ ಹೊಸದನ್ನೇ ಕಟ್ಟಬಯಸುತ್ತದೆ. ಹಳೆಯ ಎರಿ ಉಳಿದರೆ ಮೇಣದ ಪತಂಗ ನುಗ್ಗುತ್ತದೆ, ಪತಂಗ ಹೆಚ್ಚಿದರೆ ನೊಣಗಳು ಗೂಡನ್ನೇ ತೊರೆದು ಹೋಗುತ್ತವೆ.

1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಕೇರಳ ಮತ್ತು ಕರ್ನಾಟಕದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ಅಳಿಸಿತು. ಎಷ್ಟೋ ಮನೆಗಳ ಅಟ್ಟದಲ್ಲಿ ಖಾಲಿ ಪೆಟ್ಟಿಗೆಗಳು ರಾಶಿ ಬಿದ್ದವು. ಅನಂತರ ಮತ್ತೆ ಜೇನು ಕಂಡದ್ದು ಕಾಡಿನಲ್ಲಿ ಉಳಿದುಕೊಂಡ ಸಂಸಾರಗಳನ್ನು ಪೊಟರೆಗಳಿಂದ ಪೆಟ್ಟಿಗೆಗೆ ತಂದವರ ತಾಳ್ಮೆಯಿಂದ. ಆ ಕೆಲಸ ಹೀಗೆ. ಹೊಗೆ ಹಾಕಿ ಪೊಟರೆಯ ಬಾಯಿ ಅಗಲಿಸಿ, ಮರಿಯಿರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲಿನ ಅಂಚು ಮೇಲೆಯೇ ಬರುವಂತೆ ಇಟ್ಟು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುತ್ತಾರೆ. ಬಿಗಿ ಹೆಚ್ಚಾದರೆ ನಾರು ಮೇಣವನ್ನು ಕೊಯ್ಯುತ್ತದೆ, ಸಡಿಲವಾದರೆ ಎರಿ ಜಾರುತ್ತದೆ. ರಾಣಿ ಪೆಟ್ಟಿಗೆ ಸೇರಿದರೆ ಉಳಿದವು ಹಿಂಬಾಲಿಸುತ್ತವೆ. ರಾತ್ರಿಯಿಡೀ ನೊಣಗಳು ಎರಿಯನ್ನು ಮೇಲ್ಪಟ್ಟಿಗೆ ಬೆಸೆಯುತ್ತವೆ. ಎರಡು ಮೂರು ದಿನ ಕಳೆದು ಪೆಟ್ಟಿಗೆ ತೆರೆದಾಗ ಎರಿ ಗಟ್ಟಿಯಾಗಿ ನಿಂತಿರುತ್ತದೆ. ನೊಣಗಳು ಆಗಲೇ ನಾರನ್ನು ಕಡಿಯತೊಡಗಿರುತ್ತವೆ. ಉಳಿದ ನಾರನ್ನು ಸಾಕುವವನು ಬಿಚ್ಚಿ ತೆಗೆಯುತ್ತಾನೆ.